ಎರಡೂ ಒಂದೇ ಥರ ಕಾಣ್ತವೆ

ಕನ್ನಡಕದ ಅಂಗಡಿಯವನನ್ನು ಮನೆಮಂದಿಯೆಲ್ಲ ಇಂಟರ್ವಲ್ ಎಂದು ಕರೆಯುತ್ತಿದ್ದರು. ಅದಕ್ಕೊಂದು ಕಾರಣವಿತ್ತು, ಮತ್ತು ಆ ಕಾರಣವನ್ನು ಅವನ ಅಕ್ಕ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೇ ಕೊಡುತ್ತಿದ್ದಳು. ಅವನ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ ಒಬ್ಬ ಹುಡುಗಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ತರಲು ಎದ್ದ. ಕೌಂಟರಿನವನು ಉಪ್ಪಿನದೋ ಸಿಹಿಯದೋ ಎಂದು ಕೇಳಿದ. ಇವನು ಯೋಚಿಸಿದ. ಹಿಂದಿದ್ದವರಿಗೆ ದಾರಿ ಬಿಟ್ಟು, ಪಕ್ಕಕ್ಕೆ ಸರಿದು ನಿಂತು ಯೋಚಿಸಿದ. ಅವಳನ್ನೇ ಕೇಳಿಕೊಂಡು ಬರೋಣವೆಂದರೆ ಇಷ್ಟೂ ತಿಳಿಯದವನು ಅಂದುಕೊಂಡಾಳು; ಎರಡನ್ನೂ ಒಯ್ಯೋಣವೆಂದರೆ ಹೊಟ್ಟೆಬಾಕ ಅಂದುಕೊಂಡಾಳು. ಯೋಚನೆ ಒಂದು ದಡಕ್ಕೆ ಬರುವ ಹೊತ್ತಿಗೆ ಬಾಗಿಲು ತೆರೆದು ಜನ ಹೊರಗೆ ಬರುತ್ತಿದ್ದರು. ಸಿನಿಮಾ ಮುಗಿದಿತ್ತು. ಹುಡುಗಿಯೂ ಬಂದಳು, ಅವನ ಮುಖವನ್ನು ನೋಡಿದಳು, ಅವನ ಖಾಲಿ ಕೈಗಳನ್ನು ನೋಡಿದಳು, ಬಂದ ಮೊದಲ ಬಸ್ಸಿಗೆ ಹತ್ತಿದಳು.

ಆಮೇಲೆ ಬಂದ ಸಂಬಂಧಗಳೂ ಹಾಗೇ. ಶುರುವಾಗುತ್ತಿದ್ದವು, ನಡುವಿನತನಕ ಬರುತ್ತಿದ್ದವು, ದೀಪ ಹೊತ್ತಿಕೊಳ್ಳುತ್ತಿತ್ತು, ಎಲ್ಲರೂ ಎದ್ದು ಹೋಗುತ್ತಿದ್ದರು.

ಇಂಥವನು ಕನ್ನಡಕದ ವ್ಯಾಪಾರಕ್ಕೆ ಇಳಿದದ್ದು ಅವನ ಬದುಕಿನ ಏಕೈಕ ಜಾಣತನ. ಅಲ್ಲಿ ಆರಿಸುವ ಕೆಲಸವೆಲ್ಲ ಗಿರಾಕಿಯದು. ಅಂಗಡಿಯ ಹಿಂದೆ ಒಂದು ಕತ್ತಲೆಕೋಣೆ, ಅದರಲ್ಲೊಂದು ಎತ್ತರದ ಕುರ್ಚಿ, ಎದುರಿನ ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳು. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಅದರೊಳಗೆ ಒಂದು ಗಾಜು ಹಾಕಿ ತೆಗೆದು ಇನ್ನೊಂದು ಹಾಕಿ, ತೂಗುವ ದನಿಯಲ್ಲಿ ಅವನು ಕೇಳುತ್ತಿದ್ದ: "ಇದರಲ್ಲಿ ಸ್ಪಷ್ಟವಾ, ಇದರಲ್ಲಾ? ಇದಾ... ಇದಾ?" ಸ್ವಲ್ಪ ಹೊತ್ತಿಗೆ ಗಿರಾಕಿ ಸೋತು, ಪರೀಕ್ಷೆಯಲ್ಲಿ ಫೇಲಾದವರ ಹಾಗೆ ಒಪ್ಪಿಕೊಳ್ಳುತ್ತಿದ್ದರು: "ಎರಡೂ ಒಂದೇ ಥರ ಕಾಣ್ತವೆ, ಡಾಕ್ಟ್ರೇ." ಅವನು ಡಾಕ್ಟರಲ್ಲ, ಆದರೂ ತಿದ್ದುತ್ತಿರಲಿಲ್ಲ. "ಅಷ್ಟೇ, ಮುಗೀತು" ಎಂದು ದೀಪ ಹಾಕುತ್ತಿದ್ದ. ಕಣ್ಣಿನ ಕಸುಬಿನಲ್ಲಿ ಎರಡು ಗಾಜುಗಳ ನಡುವೆ ವ್ಯತ್ಯಾಸ ಕಾಣದಾದಾಗ ನಂಬರು ಸಿಕ್ಕಿತು ಎಂದೇ ಲೆಕ್ಕ. ಇನ್ನು ಕೇಳುವುದೇನೂ ಉಳಿದಿರುವುದಿಲ್ಲ, ಬರೆದುಕೊಟ್ಟು ಕಳಿಸುವುದಷ್ಟೇ.

ಆ ಕುರ್ಚಿಯ ಮೇಲೇ ಅವನಿಗೆ ಸ್ಟೆನೊ ಸಿಕ್ಕಿದ್ದು. ಅವಳು ಕೋರ್ಟಿನಲ್ಲಿ ಶಾರ್ಟ್‌ಹ್ಯಾಂಡ್ ಬರೆಯುವವಳು. ವಕೀಲರು ಕೂಗಿದ್ದು, ಸಾಕ್ಷಿಗಳು ತೊದಲಿದ್ದು, ಜಡ್ಜು ಗೊಣಗಿದ್ದು ಎಲ್ಲವನ್ನೂ ಗೆರೆ ಚುಕ್ಕಿಗಳಲ್ಲಿ ಹಿಡಿದು ಹಿಡಿದು ಹತ್ತಿರದ ನೋಟ ಸೋತಿತ್ತು. ವಯಸ್ಸು ಅವನದಕ್ಕಿಂತ ತುಸು ಕಡಿಮೆ, ತಾಳ್ಮೆ ಬಹಳ ಕಡಿಮೆ. ಅವಳದೊಂದು ಅಭ್ಯಾಸವನ್ನು ಅವನು ಮೊದಲ ದಿನವೇ ಕಂಡಿದ್ದ: ಹತ್ತಿರದಲ್ಲಿ ಯಾರಾದರೂ ಮಾತಾಡಿದರೆ ಸಾಕು, ಅವಳ ಬಲಗೈಯ ತೋರುಬೆರಳು ಮೇಜಿನ ಅಂಚಿನ ಮೇಲೆ, ಮಡಿಲ ಮೇಲೆ, ಸಿಕ್ಕಿದ್ದರ ಮೇಲೆ ಸಣ್ಣಗೆ ಓಡಾಡುತ್ತಿತ್ತು. ಅವಳಿಗೇ ತಿಳಿಯದಂತೆ ಬರೆದುಕೊಳ್ಳುತ್ತಿತ್ತು.

ಕನ್ನಡಕ ಕೊಟ್ಟಾಯಿತು. ಅದರ ಕಿವಿಯ ಕಡ್ಡಿ ಸಡಿಲವಾಯಿತೆಂದು ಅವಳು ಮತ್ತೆ ಬಂದಳು, ಬಿಗಿಯಾಯಿತೆಂದು ಮತ್ತೂ ಬಂದಳು. ಕನ್ನಡಕದ್ದೇನೂ ತಪ್ಪಿಲ್ಲ ಎಂದು ಇಬ್ಬರಿಗೂ ತಿಳಿದ ಮೇಲೆ ಕಾಫಿಗೆ ಹೋದರು. ಅಲ್ಲಿ ಅವನು "ಕಿಟಕಿ ಪಕ್ಕವಾ, ಒಳಗಾ?" ಎಂದು ಕೇಳಿದ. ಅವಳು ಕಿಟಕಿ ಎಂದಳು. "ದೊಡ್ಡ ಲೋಟವಾ, ಚಿಕ್ಕದಾ?" ಎಂದ. ಚಿಕ್ಕದು ಎಂದಳು. ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲ ಅವನು "ಸಕ್ಕರೆ ಮೊದಲು ಹಾಕ್ಲಾ, ಆಮೇಲಾ?" ಎಂದಾಗ ಅವಳು ಚಮಚ ಕೆಳಗಿಟ್ಟಳು.

"ಡಾಕ್ಟ್ರೇ, ನಾನು ಇವತ್ತು ಕಣ್ಣು ತೋರಿಸೋಕೆ ಬಂದಿಲ್ಲ."

"ಅಲ್ಲ, ನಿಮಗೆ ಹೇಗೆ ಇಷ್ಟವೋ ಹಾಗೆ ಅಂತ..."

"ನನಗೆ ಹೇಗೆ ಇಷ್ಟ ಅಂತ ನನಗೆ ಗೊತ್ತಿದೆ. ನಿಮಗೆ ಹೇಗೆ ಇಷ್ಟ ಅಂತ ಗೊತ್ತಾಗ್ತಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ನಾನು ಬೇರೆಯವರು ಹೇಳಿದ್ದನ್ನ ಬರ್ಕೊಳ್ತೀನಿ. ಇಲ್ಲಿಗೆ ಬಂದ್ರೆ ನೀವು ನಾನು ಹೇಳಿದ್ದನ್ನ ಬರ್ಕೊಳ್ತೀರಿ. ಇಬ್ಬರೂ ಬರ್ಕೊಳ್ಳೋರೇ ಆದ್ರೆ ಹೇಳೋರು ಯಾರು?"

ಅವನು ಅವಳ ಕೈಯ ಕಡೆ ನೋಡಿದ. ಬೆರಳು ಅಲುಗುತ್ತಿರಲಿಲ್ಲ. ಅದು ತನ್ನ ಯಜಮಾನಿಯ ಮಾತನ್ನು ಬರೆದುಕೊಳ್ಳುತ್ತಿರಲಿಲ್ಲ.

"ಶನಿವಾರ ಮಧ್ಯಾಹ್ನ ಸಿನಿಮಾಕ್ಕೆ ಹೋಗೋಣ" ಎಂದಳು ಅವಳು. "ಯಾವುದು ಅಂತ ನೀವು ಆರಿಸ್ಬೇಕು. ನನ್ನನ್ನ ಕೇಳಿದ್ರೆ ನಾನು ಬರಲ್ಲ. ಶನಿವಾರಕ್ಕೂ ಬರಲ್ಲ, ಆಮೇಲೂ ಬರಲ್ಲ. ಕನ್ನಡಕ ಒಡೆದ್ರೆ ಬೇರೆ ಅಂಗಡಿ ನೋಡ್ಕೊಳ್ತೀನಿ."

ನಗುತ್ತಲೇ ಹೇಳಿದಳು. ಆದರೆ ಕೋರ್ಟಿನಲ್ಲಿ ಕೂತು ಕಲಿತವಳು. ನಗುತ್ತ ಹೇಳಿದ್ದೂ ಹೇಳಿದ್ದೇ.

ಆ ಊರಿನಲ್ಲಿ ಹಳೆಯ ಸಿನಿಮಾಗಳನ್ನೇ ಮತ್ತೆ ಮತ್ತೆ ಹಾಕುವ ಟಾಕೀಸುಗಳು ಮೂರಿದ್ದವು, ಮತ್ತು ಮೂರಕ್ಕೂ ಬೇರೆ ಬೇರೆ ಸ್ವಭಾವ. ರೈಲು ಸೇತುವೆಯ ಪಕ್ಕದ್ದರಲ್ಲಿ ಗಾಡಿ ಹೋದಾಗಲೆಲ್ಲ ಪರದೆ ನಡುಗುತ್ತಿತ್ತು. ಎಂಥ ವೀರಾಧಿವೀರ ನಾಯಕನೂ ಆ ಕ್ಷಣ ಚಳಿಜ್ವರ ಬಂದವನ ಹಾಗೆ ಕಾಣುತ್ತಿದ್ದ. ಬ್ಯಾಂಕಿನ ಕೆಳಗೆ ನೆಲಮಾಳಿಗೆಯಲ್ಲಿದ್ದ ಟಾಕೀಸಿನ ನಟ್ಟನಡುವೆ ಒಂದು ಕಂಬ. ಅದರ ಹಿಂದೆ ಕೂತು ಬೆಳೆದವರು ಎಷ್ಟೋ ಹೆಸರಾಂತ ಪ್ರೇಮಕಥೆಗಳಲ್ಲಿ ನಾಯಕಿಯನ್ನು ನೋಡಿಯೇ ಇರಲಿಲ್ಲ. ಮೂರನೆಯದು ಮಾರುಕಟ್ಟೆಯ ಹಿಂದೆ. ಅದು ಮೂಕಿ ಚಿತ್ರಗಳ ಮನೆ. ಪರದೆಯ ಕೆಳಗೆ ಪಿಯಾನೊ ಟೀಚರೊಬ್ಬರು ಕೂತು, ಚಿತ್ರ ನೋಡುತ್ತ ನೋಡುತ್ತ ಬಾರಿಸುತ್ತಿದ್ದರು. ಮುತ್ತಿನ ದೃಶ್ಯ ಬಂದಾಗ ಹಾಳೆ ತಿರುವುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದರು.

ಶನಿವಾರಕ್ಕೆ ಸೇತುವೆಯ ಪಕ್ಕದ್ದರಲ್ಲಿ ಊಟದ ಹೊತ್ತಿಗೆ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುವ ಒಂದು ಯುದ್ಧದ ಚಿತ್ರವಿತ್ತು, ತುಂಬ ಕುದುರೆಗಳಿದ್ದದ್ದು. ನೆಲಮಾಳಿಗೆಯಲ್ಲಿ ಗಂಡ ಹೆಂಡತಿ ಮೊದಲಿನಿಂದ ಕೊನೆತನಕ ಜಗಳಾಡುವ ಹಾಸ್ಯಚಿತ್ರ. ಮಾರುಕಟ್ಟೆಯ ಹಿಂದೆ ದೀಪಸ್ತಂಭ ಕಾಯುವವನ ಮಗಳ ಕತೆಯ ಮೂಕಿ ಚಿತ್ರ. ಮೂರೂ ಟಾಕೀಸಿನ ಪ್ರಚಾರದ ಚೀಟಿಗಳನ್ನು ಅವನು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಹರಡಿದ.

"ಏನಪ್ಪಾ ಇಂಟರ್ವಲ್ಲು, ಇಸ್ಪೀಟಾ?" ಎಂದರು ಭಾವ. ಭಾವ ಹಲ್ಲಿನ ಡಾಕ್ಟರು. ಬಾಯಿ ತೆರೆದು ಮಲಗಿದವರ ಜೊತೆ ದಿನವಿಡೀ ಮಾತಾಡುವುದರಿಂದ, ಎದುರು ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುವುದು ಅವರ ರೂಢಿ.

ವಿಷಯ ತಿಳಿದ ಮೇಲೆ ಅವರು ಒಂದೇ ಉಸಿರಿಗೆ ತೀರ್ಪು ಕೊಟ್ಟರು. "ಕುದುರೆಗಳದ್ದೇ ನೋಡು. ಉದ್ದ ಇದೆ. ಆಕೆಗೆ ಎದ್ದು ಹೋಗ್ಬೇಕು ಅನ್ನಿಸೋ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತೆ."

"ನಿಮ್ಮ ತಲೆ" ಎಂದಳು ಅಕ್ಕ. "ಹೆಂಗಸನ್ನ ಕರ್ಕೊಂಡು ಹೋಗಿ ಕುದುರೆ ತೋರಿಸ್ತಾರಾ? ಜಗಳದ್ದಕ್ಕೆ ಹೋಗೋ. ಜಗಳ ಆಡ್ತಾ ಆಡ್ತಾ ಒಂದಾಗ್ತಾರೆ. ಅದನ್ನ ನೋಡಿದ್ರೆ ಅವಳಿಗೂ ಒಂದು ಧೈರ್ಯ ಬರುತ್ತೆ."

"ಜಗಳ ನೋಡೋಕೆ ಟಿಕೆಟ್ ಯಾಕೆ? ಇಲ್ಲಿಗೇ ಕರ್ಕೊಂಡು ಬಾ."

"ನೋಡಿದ್ಯಾ ಇವರ ಮಾತು? ಮೊದಲನೇ ಸಲ ಸಿನಿಮಾಕ್ಕೆ ಅಂತ ಕರ್ಕೊಂಡು ಹೋದಾಗ ಎಷ್ಟು ಮೆತ್ತಗಿದ್ರು ಗೊತ್ತಾ. ದೋಣಿಯವನ ಸಿನಿಮಾ. ಇಬ್ಬರೂ ಅತ್ತಿದ್ವಿ."

"ದೋಣಿಯಲ್ವೇ ಅದು, ಜೈಲು" ಎಂದರು ಭಾವ, ಚಪಾತಿ ಹರಿಯುತ್ತ. "ಕೈದಿ ಗೋಡೆ ಹಾರ್ತಾನಲ್ಲ, ನೀನು ಹೆದರಿ ನನ್ನ ಕೈ ಹಿಡ್ಕೊಂಡೆ. ಹಳದಿ ಸ್ವೆಟರ್ ಹಾಕಿದ್ದೆ."

ಅಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಜೈಲಿನ ಸಿನಿಮಾನ ನಾನು ನೋಡೇ ಇಲ್ಲ" ಎಂದಳು ಅಕ್ಕ ನಿಧಾನವಾಗಿ. "ಹಳದಿ ಬಣ್ಣ ನನಗೆ ಆಗಲ್ಲ."

ಭಾವ ಬಾಯಿ ತೆರೆದರು. ಅದು ಹಾಗೇ ತೆರೆದುಕೊಂಡೇ ಇತ್ತು. ಉತ್ತರ ಬಾರದಿರುವುದನ್ನು ಒಪ್ಪಿಗೆ ಎಂದು ತಿಳಿಯುವ ರೂಢಿ ಹೆಂಡತಿಗೂ ಅಂಟಿದೆ ಎಂದು ಅವರಿಗೆ ಆಗ ಗೊತ್ತಾಯಿತು. ಇಂಟರ್ವಲ್ ಚೀಟಿಗಳನ್ನು ಒಟ್ಟು ಮಾಡಿಕೊಂಡು ಮೆಲ್ಲಗೆ ಎದ್ದ. ಸಿನಿಮಾ ಆರಿಸುವುದು ತಾನು ಅಂದುಕೊಂಡದ್ದಕ್ಕಿಂತಲೂ ಅಪಾಯದ ಕೆಲಸ. ತಪ್ಪು ಆರಿಸಿದರೂ ಬದುಕಬಹುದು, ಆದರೆ ಆರಿಸಿದ್ದನ್ನು ಮರೆಯಬಾರದು.

ಅಂಗಡಿಯಲ್ಲೂ ಬುದ್ಧಿ ಅಲ್ಲೇ ಸುತ್ತುತ್ತಿತ್ತು. ಒಬ್ಬ ಯಜಮಾನರ ಕಣ್ಣು ನೋಡುತ್ತ, "ಕುದುರೆಯಾ, ಜಗಳವಾ?" ಎಂದು ಕೇಳಿಬಿಟ್ಟ. "ನನಗೆ ಅಲ್ಲಿ ಬರೀ ಅಕ್ಷರ ಕಾಣ್ತಿದೆಯಲ್ಲಪ್ಪ" ಎಂದು ಯಜಮಾನರು ಗಾಬರಿಯಾದರು. ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಫೋನು ಬಂತು. ಸ್ಟೆನೊ. ಹಿಂದೆ ಕೋರ್ಟಿನ ವರಾಂಡದ ಗದ್ದಲ.

"ಡಾಕ್ಟ್ರೇ, ಆರಿಸಿದ್ರಾ?"

"ಆರಿಸ್ತಾ ಇದೀನಿ. ಅಲ್ಲ, ನಿಮಗೆ ಕುದುರೆ ಅಂದ್ರೆ..."

"ಕೇಳ್ಬೇಡಿ ಅಂದಿದ್ದೆ."

"ಕೇಳ್ತಿಲ್ಲ. ಸುಮ್ನೆ ಕುದುರೆ ವಿಷಯ ಬಂತು."

"ಯಾವುದಾದ್ರೂ ಆಗ್ಲಿ. ನೀವು ಆರಿಸಿದ್ದು ಅಂದ್ಮೇಲೆ ಮಾತೇ ಇಲ್ಲ. ಜಾಗ ಮಾತ್ರ ಹೇಳಿ, ಬರ್ತೀನಿ. ಜಡ್ಜು ಬಂದ್ರು, ಇಡ್ತೀನಿ."

ಫೋನು ಇಟ್ಟ ಮೇಲೆ ಅವನು ಕತ್ತಲೆಕೋಣೆಗೆ ಹೋಗಿ ಗಿರಾಕಿಗಳ ಕುರ್ಚಿಯ ಮೇಲೆ ಕೂತ. ಮಾತೇ ಇಲ್ಲ. ಮಾತೇ ಇಲ್ಲ ಎಂದಳು. ಕನ್ನಡ ಬಲ್ಲ ಯಾರಿಗೇ ಆದರೂ ಅದರ ಅರ್ಥ ತಿಳಿಯುತ್ತಿತ್ತು, ಅವನಿಗೂ ಬೇರೆ ಯಾವ ದಿನವಾದರೂ ತಿಳಿಯುತ್ತಿತ್ತು. ಆದರೆ ನೀರಲ್ಲಿ ಮುಳುಗುತ್ತಿರುವವನು ಕೈಗೆ ಸಿಕ್ಕಿದ ಕೋಲಿನ ಜಾತಿ ವಿಚಾರಿಸುವುದಿಲ್ಲ. ದಿನವಿಡೀ ಇನ್ನೊಬ್ಬರ ಮಾತು ಕೇಳಿ ಕೇಳಿ ಬರೆದು ಬರೆದು ಬೇಸತ್ತ ಹೆಂಗಸು. ಶನಿವಾರವೂ ಮಾತು ಬೇಡ ಎನ್ನುತ್ತಿದ್ದಾಳೆ. ಬಾಯಿಬಿಟ್ಟು ಹೇಳಲಾರದೆ ಸೂಚನೆ ಕೊಟ್ಟಿದ್ದಾಳೆ! ಮಾತೇ ಇಲ್ಲದ್ದು ಊರಿನಲ್ಲಿ ಒಂದೇ ಇತ್ತು. ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದಂತಾಯಿತು. ಸಂಜೆಯೇ ಹೋಗಿ ಮಾರುಕಟ್ಟೆಯ ಹಿಂದಿನ ಟಾಕೀಸಿನಲ್ಲಿ ಎರಡು ಟಿಕೆಟ್ ತಂದ. ಎಷ್ಟೋ ವರ್ಷಗಳ ಮೇಲೆ ಆ ರಾತ್ರಿ ಹಾಡು ಗುನುಗಿಕೊಂಡು ಪಾತ್ರೆ ತೊಳೆದ.

ಶನಿವಾರ ಸ್ಟೆನೊ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಪೋಸ್ಟರಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ಓದಿದಳು.

"ಮೂಕಿ ಚಿತ್ರ?"

"ಹೂಂ."

"ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಮೂಕಿ ಚಿತ್ರಕ್ಕೆ ಕರೆದಿಲ್ಲ." ಅವಳ ದನಿಯಲ್ಲಿ ಮೆಚ್ಚುಗೆಯಿತ್ತು. "ಇದನ್ನೇ ಯಾಕೆ ಆರಿಸಿದ್ರಿ?"

ಸುಮ್ಮನೆ, ನನಗೆ ಇಷ್ಟ ಎಂದಿದ್ದರೆ ಸಾಕಿತ್ತು. ಆದರೆ ಒಗಟು ಬಿಡಿಸಿದವನಿಗೆ ಬಿಡಿಸಿದ್ದನ್ನು ಹೇಳದೆ ಇರಲಾಗುವುದಿಲ್ಲ.

"ನೀವೇ ಹೇಳಿದ್ರಲ್ಲ" ಎಂದ ಅವನು ಹೆಮ್ಮೆಯಿಂದ. "ಮಾತೇ ಇಲ್ಲ ಅಂತ."

"ಯಾವಾಗ?"

"ಫೋನಲ್ಲಿ. ನೀವು ಆರಿಸಿದ್ದು ಅಂದ್ಮೇಲೆ ಮಾತೇ ಇಲ್ಲ, ಅಂತ."

ಸ್ಟೆನೊ ಅವನನ್ನು ನೋಡಿದಳು. ಅವಳ ತುಟಿಯ ಒಂದು ತುದಿ ಮೊದಲು ಅಲುಗಿತು, ಆಮೇಲೆ ಇನ್ನೊಂದು, ಕೊನೆಗೆ ಟಿಕೆಟ್ ಕಿಟಕಿಯವನು ಹೊರಗೆ ಇಣುಕುವಷ್ಟು ನಕ್ಕಳು.

"ಡಾಕ್ಟ್ರೇ, ಮಾತೇ ಇಲ್ಲ ಅಂದ್ರೆ ತಕರಾರಿಲ್ಲ ಅಂತ. ಬಾಯಿ ಇಲ್ಲದ ಸಿನಿಮಾ ಬೇಕು ಅಂತ ಅಲ್ಲ." ಕಣ್ಣೊರೆಸಿಕೊಂಡಳು. "ಕೋರ್ಟಲ್ಲಿ ದಿನಾ ನೋಡ್ತೀನಿ. ಹೇಳಿದ್ದೂ ಅದೇ, ಬರ್ಕೊಂಡಿದ್ದೂ ಅದೇ, ಅರ್ಥ ಮಾತ್ರ ಪಕ್ಕದ ಮನೆಗೆ ಹೋಗಿ ಕೂತಿರುತ್ತೆ. ನನ್ನ ಮಾತಿಗೇ ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ."

ಅವನೂ ನಕ್ಕ, ಅವಳು ನಗುತ್ತಿದ್ದಾಳಲ್ಲ ಎಂದು. ಅಷ್ಟರಲ್ಲಿ ಅವಳ ನಗು ನಿಂತಿತು.

"ಅಂದ್ರೆ ಇದೂ ನಾನೇ ಆರಿಸಿದ್ದು ಅಂತಾಯ್ತು."

ಅವನು ಪೋಸ್ಟರನ್ನು ನೋಡಿದ. ದೀಪಸ್ತಂಭದ ಮೇಲೆ ನಿಂತ ಹುಡುಗಿ ಯಾರನ್ನೋ ಕೂಗುತ್ತಿದ್ದಳು. ಕೇಳಿಸುತ್ತಿರಲಿಲ್ಲ.

"ಟಿಕೆಟ್ ತಗೊಂಡಾಗಿದೆ" ಎಂದಳು ಸ್ಟೆನೊ. "ಇಂಟರ್ವಲ್ ತನಕ ಕೂರ್ತೀನಿ. ಆಮೇಲೆ ನೋಡೋಣ."

ಮನೆಯಲ್ಲಿ ಅವನನ್ನು ಹೇಗೆ ಕರೆಯುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಆ ಪದ ಹೋಗಿ ತಗುಲಬೇಕಾದ ಕಡೆಗೇ ತಗುಲಿತು.

ಒಳಗೆ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ಪಿಯಾನೊ ಟೀಚರು ಬೆರಳ ನೆಟಿಗೆ ಮುರಿದುಕೊಂಡು ಶುರುಮಾಡಿದರು. ದೀಪಸ್ತಂಭ ಕಾಯುವವನ ಮಗಳಿಗೆ ಒಂದು ಹಡಗಿನ ಅಡುಗೆಯವನ ಮೇಲೆ ಪ್ರೀತಿ. ಅವಳು ದೀಪ ಆಡಿಸಿ ಬಾ ಎನ್ನುತ್ತಾಳೆ. ಕಪ್ತಾನ ಅದನ್ನು ಬಂಡೆಯಿದೆ, ದೂರ ಹೋಗು ಎಂದು ಓದಿಕೊಳ್ಳುತ್ತಾನೆ. ಹಡಗು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕನ್ನಡಕದವನಿಗೆ ಕಪ್ತಾನನ ಮೇಲೆ ಬಹಳ ಕನಿಕರ ಹುಟ್ಟಿತು.

ಆದರೆ ಅವನು ಹೆಚ್ಚು ನೋಡುತ್ತಿದ್ದದ್ದು ಪಕ್ಕದ ಬೆರಳನ್ನು. ಮೊದಮೊದಲು ಅದು ಕುರ್ಚಿಯ ಕೈಯ ಮೇಲೆ ಸಿದ್ಧವಾಗಿ ನಿಂತಿತ್ತು, ಯಾರಾದರೂ ಏನಾದರೂ ಹೇಳುತ್ತಾರೆಂದು. ಪರದೆಯ ಮೇಲೆ ಬಾಯಿಗಳು ಅಲುಗುತ್ತಿದ್ದವು, ಏನೂ ಬರುತ್ತಿರಲಿಲ್ಲ. ಬೆರಳು ಗಲಿಬಿಲಿಗೊಂಡು ಒಂದೆರಡು ಸಲ ತಟ್ಟಿತು. ಆಮೇಲೆ ತಾನಾಗಿಯೇ ಮಡಚಿಕೊಂಡು, ಉಳಿದ ಬೆರಳುಗಳ ನಡುವೆ ಹೋಗಿ ಮಲಗಿಬಿಟ್ಟಿತು. ಸ್ಟೆನೊ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿ ಕೂತಳು. ಅವಳು ಹಾಗೆ ಕೂತದ್ದನ್ನು ಅವನು ಎಂದೂ ನೋಡಿರಲಿಲ್ಲ.

ದೀಪ ಹೊತ್ತಿಕೊಂಡಿತು.

"ಚೆನ್ನಾಗಿದೆ" ಎಂದಳು ಅವಳು, ತುಸು ಅಸಮಾಧಾನದಿಂದ. ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು. ಕೈಚೀಲ ತೋಳಿಗೇರಿತು. "ಪಾಪ್‌ಕಾರ್ನ್ ತರ್ತೀರಾ?"

"ಯಾವ..." ಎಂದು ಅವನ ಬಾಯಿ ತೆರೆದುಕೊಂಡಿತು. ಅವಳು ಹುಬ್ಬೆತ್ತಿದಳು. ಅವನು ಬಾಯಿ ಮುಚ್ಚಿಕೊಂಡು ಹೊರಗೆ ನಡೆದ.

ಕೌಂಟರು ಹಳೆಯ ಕೌಂಟರಿನ ತಮ್ಮನಂತಿತ್ತು. ಗಾಜಿನ ಪೆಟ್ಟಿಗೆ, ಒಳಗೊಂದು ಬಲ್ಬು, ಎಡಕ್ಕೊಂದು ಗುಡ್ಡೆ, ಬಲಕ್ಕೊಂದು ಗುಡ್ಡೆ.

"ಉಪ್ಪಿಂದಾ, ಸಿಹೀದಾ?" ಎಂದಳು ಕೌಂಟರಿನವಳು.

ಅವನು ನೋಡಿದ. ಸ್ಟೆನೊ ಕಾಫಿಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದಳು? ಮೊದಲ ಸಲ ಹಾಕಿಕೊಂಡಿದ್ದಳು. ಮೂರನೆಯ ಸಲ ಚಮಚ ಕೆಳಗಿಟ್ಟಿದ್ದಳು. ಅದು ಸಕ್ಕರೆಯ ಮೇಲಿನ ಸಿಟ್ಟೋ, ತನ್ನ ಮೇಲಿನದೋ? ಕಾಲು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಯಲು ಹೊರಟಿತು.

"ಏನ್ ಸ್ವಾಮಿ" ಎಂದರು ಹಿಂದಿದ್ದವರು, "ಪಾಪ್‌ಕಾರ್ನಾ, ಆಸ್ತಿ ಪಾಲಾ?"

ಅವನು ಮತ್ತೊಮ್ಮೆ ನೋಡಿದ. ಈ ಸಲ ಅವಳ ಕಣ್ಣಿಂದಲ್ಲ, ತನ್ನ ಕಣ್ಣಿಂದಲೇ. ಎಡದ ಗುಡ್ಡೆ. ಬಲದ ಗುಡ್ಡೆ. ಇದಾ, ಇದಾ? ಎಷ್ಟು ಹೊತ್ತು ನೋಡಿದರೂ ಎರಡೂ ಒಂದೇ ಥರ ಕಂಡವು. ಅಷ್ಟರಲ್ಲಿ ತನ್ನದೇ ದನಿ, ಕತ್ತಲೆಕೋಣೆಯ ದನಿ, ಕಿವಿಯೊಳಗೆ ಹೇಳಿತು: ಅಷ್ಟೇ, ಮುಗೀತು. ಊರಿನ ಅರ್ಧ ಜನಕ್ಕೆ ಆ ಮಾತು ಹೇಳಿ ದೀಪ ಹಾಕಿದ್ದವನು ಆ ಕುರ್ಚಿಯ ಮೇಲೆ ತನ್ನನ್ನು ಮಾತ್ರ ಕತ್ತಲಲ್ಲೇ ಕೂರಿಸಿಟ್ಟಿದ್ದ. ಎರಡೂ ಒಂದೇ ಎಂದರೆ ಗೊತ್ತಾಗುತ್ತಿಲ್ಲ ಎಂದಲ್ಲ. ಇನ್ನು ಕೇಳುವುದೇನೂ ಉಳಿದಿಲ್ಲ ಎಂದು.

"ಉಪ್ಪಿಂದು" ಎಂದ.

ಗಂಟೆ ಇನ್ನೂ ಬಾರಿಸಿರಲಿಲ್ಲ. ಸ್ಟೆನೊ ಕೈಚೀಲ ತೋಳಿಗೇರಿಸಿಕೊಂಡು, ಬಾಗಿಲನ್ನೇ ನೋಡುತ್ತ, ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

"ಇಷ್ಟು ಬೇಗ?" ಎಂದಳು.

ಅವನು ಪೊಟ್ಟಣ ಚಾಚಿದ. ಅವಳು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ಅಗಿದಳು.

"ನನಗೆ ಸಿಹೀದು ಇಷ್ಟ."

"ನಾನು ಕೇಳ್ಲೇ ಇಲ್ಲ."

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಸ್ಟೆನೊ ಅಗಿಯುವುದನ್ನು ನಿಲ್ಲಿಸಿದಳು. ಅವನು ಇನ್ನೇನಾದರೂ ಸೇರಿಸುತ್ತಾನೇನೋ, ಬದಲಿಸಿ ತರಲಾ ಎನ್ನುತ್ತಾನೇನೋ ಎಂದು ಕಾದಳು. ಅವನು ಕೂತು, ಕಾಲು ಚಾಚಿ, ತಾನೂ ಒಂದು ಹಿಡಿ ತೆಗೆದುಕೊಂಡ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಅವನಿಗೆ ಇಷ್ಟವಾಯಿತು.

ಅವಳು ತೋಳಿನಿಂದ ಕೈಚೀಲ ತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಳು. ದೀಪ ಆರಿತು. ಕುರ್ಚಿಯ ಕೈಯ ಮೇಲಿದ್ದ ಅವನ ಅಂಗಿಯ ತೋಳಿನ ಮೇಲೆ ಏನೋ ಸಣ್ಣಗೆ ಓಡಾಡಿತು: ಒಂದು ಗೆರೆ, ಒಂದು ಕೊಂಡಿ, ಒಂದು ಚುಕ್ಕಿ.

"ಏನು ಬರ್ಕೊಂಡ್ರಿ?" ಎಂದ ಪಿಸುದನಿಯಲ್ಲಿ.

"ನೀವು ಹೇಳಿದ್ದು. ದಾಖಲೆಗೆ."

"ತೋರಿಸಿ."

"ಶಾರ್ಟ್‌ಹ್ಯಾಂಡು. ಹತ್ತಿರದ ನೋಟಕ್ಕೆ ಕಾಣಲ್ಲ."

"ಶ್" ಎಂದರು ಹಿಂದಿನ ಸಾಲಿನವರು, ಕೌಂಟರಿನ ಬಳಿ ಆಸ್ತಿ ಪಾಲು ಕೇಳಿದವರೇ. "ಸಿನಿಮಾನೇ ಸುಮ್ಮನಿದೆ, ನಿಮ್ಮದೇನ್ರೀ ಮಾತು?"

ಇಂಟರ್ವಲ್ ತಿರುಗಿ ಕ್ಷಮೆ ಕೇಳಹೊರಟ. ಸ್ಟೆನೊ ಅವನ ತೋಳನ್ನು ಜಗ್ಗಿ ಪರದೆಯ ಕಡೆಗೆ ತಿರುಗಿಸಿದಳು. ಹಡಗು ವಾಪಸು ಬರುತ್ತಿತ್ತು. ಇಲ್ಲಿಂದ ಮುಂದಿನದನ್ನು ಅವನು ಯಾವತ್ತೂ ನೋಡಿದವನಲ್ಲ.

"ಮಾತೇ ಇಲ್ಲ" ಎಂದಳು ಅವಳು, ಹಿಂದಿನವರಿಗೋ ಅವನಿಗೋ.

ಯಾವ ಅರ್ಥದಲ್ಲಿ ಎಂದು ಅವನು ಕೇಳಲಿಲ್ಲ.